ವಿಮೋಚನೆಯ ಪುಟಗಳು, ಹಾಸ್ಟೆಲಿನ ಗೆಳತಿ

ಪ್ರಶ್ನೆ: ಅಕ್ಕಾ, ನಾನು ಮಾನ್ವಿ ಕಡೆಯವಳು. ರಾಯಚೂರಿನಲ್ಲಿ ಎಂ.ಎ. ಓದುತ್ತಿದ್ದೇನೆ. ಹೈದರಾಬಾದ್ ಕರ್ನಾಟಕ ವಿಮೋಚನೆ ಬಗ್ಗೆ ಪ್ರಬಂಧ ಬರೆಯಲು ಹೈದರಾಬಾದಿನ ದೊರೆ ನಿಜಾಮನ ಪರ ಶಸ್ತ್ರ ಹಿಡಿದ ರಜಾಕಾರರ ಹಾವಳಿ ಓದತೊಡಗಿದಾಗಿನಿಂದ ರಾತ್ರಿ ನಿದ್ದೆ ಹತ್ತುತ್ತಿಲ್ಲ. ನಮ್ಮ ತಾತನ ಮನೆಯವರು ಆಗ ಊರು ಬಿಟ್ಟು ತುಂಗಭದ್ರೆ ದಾಟಿ ಹೋಗಿದ್ದರಂತೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ದೇವದುರ್ಗದ ಮುಸ್ಲಿಂ ಹುಡುಗಿ. ಮೊನ್ನೆ ಸಿಟ್ಟಿನಲ್ಲಿ, ರಜಾಕಾರರು ನಿಮ್ಮವರೇ ಅಲ್ಲವೇ ಎಂದುಬಿಟ್ಟೆ. ಈಗ ಮಾತಿಲ್ಲ. ಈ ಓದನ್ನೇ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಮ್ಮ. ನಿನ್ನ ಸಿಟ್ಟು ಸುಳ್ಳಲ್ಲ. ದೇಶಕ್ಕೆಲ್ಲ 1947ರ ಆಗಸ್ಟ್ 15ಕ್ಕೆ ಬಂದ ಸ್ವಾತಂತ್ರ್ಯ ರಾಯಚೂರಿಗೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ನಡುವಿನ ಹದಿಮೂರು ತಿಂಗಳು ನಮ್ಮ ಹಳ್ಳಿಗಳು ಅನುಭವಿಸಿದ್ದನ್ನು ಯಾರೂ ತೇಲಿಸಿ ಮಾತಾಡಬಾರದು. ಆದರೆ ನೀನು ಆ ಹದಿಮೂರು ತಿಂಗಳಲ್ಲೇ ಸಿಕ್ಕಿಕೊಂಡಿದ್ದೀಯ. ಇನ್ನೂ ಹಿಂದಕ್ಕೆ ಹೋಗು.

ನಿಜಾಮನ ಗದ್ದುಗೆ ಕಾಯುತ್ತಿದ್ದವರು ಇಂಗ್ಲಿಷರು. ಅವರ ಅಧಿಕಾರಿಗಳ ಕೈಕೆಳಗಿನ ಪಡೆಯ ಸಂಬಳದ ಬಾಕಿ ಏರಿದಾಗ ನಿಜಾಮ 1853ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಗಳಲ್ಲಿ ನಮ್ಮ ರಾಯಚೂರು ದೋಆಬವೂ ಒಂದು. 1857ರ ದಂಗೆಯಲ್ಲಿ ನಿಜಾಮ ಇಂಗ್ಲಿಷರ ಪರ ನಿಂತ. ಅದಕ್ಕೆ ಮೆಚ್ಚಿ 1860ರ ಒಪ್ಪಂದದಲ್ಲಿ ದೋಆಬವನ್ನು ತಿರುಗಿ ಕೊಟ್ಟರು. ನಿನ್ನ ಗೆಳತಿಯ ದೇವದುರ್ಗದಿಂದ ಕೃಷ್ಣೆ ದಾಟಿದರೆ ಸುರಪುರ. ಅಲ್ಲಿ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ತಿರುಗಿಬಿದ್ದಿದ್ದ. ಅವನ ಸಂಸ್ಥಾನವೂ ಅದೇ ಒಪ್ಪಂದದಲ್ಲಿ ನಿಜಾಮನ ಪಾಲಾಯಿತು. ಮಾನ್ವಿಯ ರೈತನನ್ನಾಗಲಿ ದೇವದುರ್ಗದ ನೇಕಾರನನ್ನಾಗಲಿ ಯಾರೂ ಕೇಳಲಿಲ್ಲ. ಹಳ್ಳಿಯಲ್ಲಿ ಬಿಟ್ಟಿ ಚಾಕರಿ ಮಾಡಿಸಿಕೊಂಡ ಜಹಗೀರುದಾರರಲ್ಲಿ, ವತನದಾರರಲ್ಲಿ ಹಿಂದೂಗಳೂ ಇದ್ದರು. ನಿನ್ನ ಸಿಟ್ಟು ಹೋಗಬೇಕಾದ ವಿಳಾಸ ಅದು, ಆ ಆಳ್ವಿಕೆ. ಪಕ್ಕದ ಮಂಚವಲ್ಲ.

ಶೋಯೆಬುಲ್ಲಾ ಖಾನ್ ಹೆಸರು ನಿನ್ನ ಪ್ರಬಂಧದಲ್ಲಿದೆಯೇ? ಹೈದರಾಬಾದಿನಲ್ಲಿ 'ಇಮ್ರೋಜ್' ಎಂಬ ಉರ್ದು ಪತ್ರಿಕೆ ನಡೆಸುತ್ತಿದ್ದ ತರುಣ. ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಬರೆದ. 1948ರ ಆಗಸ್ಟಿನಲ್ಲಿ ರಜಾಕಾರರು ಅವನನ್ನು ಕೊಂದರು. ವಿಮೋಚನಾ ಹೋರಾಟದ ಮುಂದಾಳು ಸ್ವಾಮಿ ರಾಮಾನಂದ ತೀರ್ಥರ ಸೆರೆಮನೆ ವಾಸದ ಜೊತೆಗೆ ಅವನ ಸಾವನ್ನೂ ಬರೆ.

ಇನ್ನೊಂದು, ಓದಲು ಕಷ್ಟವಾದದ್ದು. ಭಾರತದ ಸೇನೆ ಸಂಸ್ಥಾನದೊಳಕ್ಕೆ ಬಂದ ಆ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಮತ್ತು ಅದು ಮುಗಿದ ಮೇಲೆ ಏನಾಯಿತು ಎಂದು ನೋಡಿಬರಲು ನೆಹರೂ ಸರ್ಕಾರ ಪಂಡಿತ್ ಸುಂದರಲಾಲರ ಸಮಿತಿಯನ್ನು ಕಳಿಸಿತು. ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಸಮಿತಿ ಅಂದಾಜಿಸಿತು. ಹೆಚ್ಚಿನವರು ಮುಸ್ಲಿಮರು. ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಸಾವು ಹೆಚ್ಚು. ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ. ನಿಮ್ಮ ಮನೆಯಲ್ಲಿ ನದಿ ದಾಟಿದ ಕತೆ ಹೇಳುತ್ತಾರೆ. ಅವಳ ಮನೆಯಲ್ಲೂ ಆ ಸೆಪ್ಟೆಂಬರಿನ ನೆನಪು ಇರಬಹುದು, ಹೇಳದೆ ಉಳಿದಿರಬಹುದು. ಒಂದು ಹಿಂಸೆಯನ್ನು ತೋರಿಸಿ ಇನ್ನೊಂದನ್ನು ಅಳಿಸಲು ಬರುವುದಿಲ್ಲ. ಎರಡನ್ನೂ ಬರೆಯುವ ಧೈರ್ಯ ನಿನಗಿದೆ ಎಂದು ನಂಬಿದ್ದೇನೆ.

ಈಗ ಮಾಡಬೇಕಾದದ್ದು. ಗೆಳತಿಯ ಹತ್ತಿರ ಕ್ಷಮೆ ಕೇಳು, ಆದರೆ ಇತಿಹಾಸದ ವಿವರಣೆ ಕೊಡಲು ಹೋಗಬೇಡ. 'ಹಾಗೆ ಅಂದದ್ದು ತಪ್ಪಾಯ್ತು' ಎಂದರೆ ಸಾಕು. ಅವಳು ತಕ್ಷಣ ಮಾತಾಡದಿದ್ದರೆ ಕಾಯಿ. ರಜಾಕಾರರ ಬಗ್ಗೆ ಅಭಿಪ್ರಾಯ ಹೇಳು ಎಂದು ಅವಳನ್ನು ಎಂದೂ ಒತ್ತಾಯಿಸಬೇಡ, ಉತ್ತರ ಕೊಡುವ ಹೊಣೆ ಅವಳದಲ್ಲ. ಹಾವಳಿಯ ಹೇಳಿಕೆಗಳನ್ನು ಹಗಲು ಗ್ರಂಥಾಲಯದಲ್ಲಿ ಓದು, ಮಲಗುವ ಮುಂಚೆ ಬೇಡ. ನಿದ್ದೆ ಇನ್ನೂ ಎರಡು ವಾರ ಹೀಗೇ ಕೆಟ್ಟರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ತಾತ ಇನ್ನೂ ಇದ್ದರೆ ಈ ರಜೆಯಲ್ಲೇ ಅವರ ಮಾತು ರೆಕಾರ್ಡ್ ಮಾಡಿಕೋ. ನದಿ ದಾಟುವಾಗ ದೋಣಿ ಯಾರದು, ಆಚೆ ದಡದಲ್ಲಿ ಅನ್ನ ಹಾಕಿದವರು ಯಾರು, ತಿರುಗಿ ಬಂದಾಗ ಮನೆಯ ಬೀಗದ ಕೈ ಯಾರ ಹತ್ತಿರ ಇತ್ತು ಎಂದೂ ಕೇಳು.