ಕುಂತ ಗಾಡಿಯನ್ನು ಎತ್ತಿಸಬೇಕೇ?

ನಮ್ಮ ಕಾಲೇಜಿನಲ್ಲಿ ಬಹಳಷ್ಟು ವಿದ್ಯಾರ್ಥಿಗಳ ಮನೆಯಲ್ಲಿ ಒಂದಲ್ಲ ಒಂದು ಹಳೆಯ ಪಿಕಪ್ ಇದೆ. ಕಾಯಿಪಲ್ಯೆ, ಬೆಲ್ಲ, ಸಿಮೆಂಟ್, ಮದುವೆ ಸಾಮಾನು, ಏನು ಸಿಕ್ಕರೂ ಹೇರುವ ಗಾಡಿ ಅದು. ನಮ್ಮ ಮನೆಯದಕ್ಕೆ ಈಗ ಹದಿನಾಲ್ಕು ವರ್ಷ. ಹಳದಿ ಬೋರ್ಡಿನ ಗಾಡಿ. ಅಬ್ಬಾ ಅದನ್ನು ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. ನನ್ನ ಕಾಲೇಜು ಫೀಸು ಕಟ್ಟುವುದೂ ಅದೇ, ಆದ್ದರಿಂದ ಅದರ ಬಗ್ಗೆ ಬರೆಯಲು ನನಗೆ ಸ್ವಲ್ಪ ಹಕ್ಕಿದೆ ಎಂದುಕೊಂಡಿದ್ದೇನೆ.

ಕಬ್ಬಿನ ಸೀಸನ್ ಮುಗಿಯುವ ಹೊತ್ತಿಗೆ ಭಾಯಿಜಾನ್ ಒಂದು ದಿನ ಸಿಟ್ಟಿನಿಂದ ಮನೆಗೆ ಬಂದರು. "ಗಾಡಿ ಬೈಠ್‌ಗಯಿ" ಅಂದರು. ಕನ್ನಡದಲ್ಲೂ ನಾವು ಇದನ್ನೇ ಹೇಳುತ್ತೇವೆ, "ಗಾಡಿ ಕುಂತೈತಿ" ಎಂದು. ಹೊಲದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೂ ಕಡೆ ಆಳವಾದ ಗಾಲಿದಾರಿ ಕೊರೆದಿರುತ್ತವೆ, ನಡುವೆ ದಿಬ್ಬ ಉಳಿಯುತ್ತದೆ. ಆ ದಿಬ್ಬಕ್ಕೆ ಗಾಡಿಯ ಹಿಂದಿನ ಹೌಸಿಂಗ್, ಅಂದರೆ ಆಕ್ಸಲ್ ನಡುವಿನ ಗುಂಡಗಿನ ಭಾಗ, ಉಜ್ಜುತ್ತಿತ್ತು. ಲೋಡ್ ಇದ್ದಾಗ ಹಿಂದೆ ದಡ್ ದಡ್ ಸದ್ದು ಬೇರೆ. ಪರಿಚಯದ ಡ್ರೈವರ್ ಒಬ್ಬರು ಪಾಟಾ ಮತ್ತು ಆಕ್ಸಲ್ ನಡುವೆ ಕಬ್ಬಿಣದ ಬ್ಲಾಕ್ ಹಾಕಿಸಿ ಮೂರು ಇಂಚು ಎತ್ತಿಸಲು ಸಲಹೆ ಕೊಟ್ಟಿದ್ದರು. ಉದ್ದನೆಯ ಯು ಬೋಲ್ಟ್ ಸೇರಿ 3,500 ರೂಪಾಯಿ, ಅರ್ಧ ದಿನದ ಕೆಲಸ. ಭಾಯಿಜಾನ್ ಒಪ್ಪಿಯೇ ಬಂದಿದ್ದರು.

ಅಬ್ಬಾ ನನ್ನ ಕಡೆ ನೋಡಿ, "ನೀನು ಕಾಮರ್ಸ್ ಓದ್ತಿ ಅಲ್ಲಾ, ಲೆಕ್ಕಾ ಹಾಕಿ ಹೇಳು" ಎಂದರು. ತಮಾಷೆಗೆ ಹೇಳಿದ್ದರೋ ಏನೋ, ನಾನು ನಿಜವಾಗಿಯೇ ಹಾಕಿದೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಗಾಡಿ ಇದ್ದ ಎತ್ತರವನ್ನು ಕಳೆದುಕೊಂಡಿದೆಯೋ, ಅಥವಾ ಇರುವ ಎತ್ತರವೇ ನಮ್ಮ ದಾರಿಗೆ ಸಾಲುತ್ತಿಲ್ಲವೋ? ಕೇಳಲು ಎರಡೂ ಒಂದೇ ಅನ್ನಿಸುತ್ತದೆ, ಆದರೆ ಔಷಧ ಬೇರೆ ಬೇರೆ. ಇದು ಗೊತ್ತಾಗಲು ಗ್ಯಾರೇಜ್ ಬೇಕಿಲ್ಲ, ಒಂದು ಟೇಪು ಸಾಕು. ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚುಕಡಿಮೆ ಇದ್ದರೆ ಅಳತೆ ತಪ್ಪುತ್ತದೆ. ಗಾಲಿಯ ನಟ್ಟನಡುವಿನಿಂದ ನೇರ ಮೇಲಕ್ಕೆ ಬಾಡಿಯ ಅಂಚಿನವರೆಗೆ ಅಳೆಯಿರಿ. ನಮ್ಮ ಗಾಡಿಯ ಹಿಂಬದಿ ಬಲಕ್ಕೆ 41.5 ಸೆಂ.ಮೀ. ಇತ್ತು, ಎಡಕ್ಕೆ 38. ಮೂರೂವರೆ ಸೆಂ.ಮೀ. ವ್ಯತ್ಯಾಸ. ಚಾಸಿ ಮತ್ತು ಆಕ್ಸಲ್ ನಡುವೆ ಒಂದು ದಪ್ಪ ರಬ್ಬರ್ ಇರುತ್ತದೆ. ಪಾಟಾ ಪೂರ್ತಿ ಬಾಗಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯದಿರಲೆಂದು ಅದನ್ನು ಹಾಕಿರುತ್ತಾರೆ. ಬಲಗಡೆ ಆ ರಬ್ಬರಿನ ಕೆಳಗೆ ನಾಲ್ಕು ಬೆರಳು ಹಿಡಿಸುತ್ತಿದ್ದವು, ಎಡಗಡೆ ಎರಡಕ್ಕೂ ಜಾಗವಿರಲಿಲ್ಲ. ಲೋಡ್ ಹೇರಿದಾಗಿನ ದಡ್ ದಡ್ ಸದ್ದು ಎಲ್ಲಿಂದ ಎಂಬುದು ಆಗಲೇ ಗೊತ್ತಾಯಿತು.

ಎರಡು ಬದಿ ಸಮವಾಗಿ ಕುಂತಿದ್ದರೆ ಅದು ವಯಸ್ಸು. ಒಂದೇ ಬದಿ ಕುಂತಿದ್ದರೆ ಅಲ್ಲಿ ಏನೋ ಮುರಿದಿದೆ ಎಂದು ಅನುಮಾನಪಡಬೇಕು.

ಇನ್ನು ಪಾಟಾ ಅಂದರೇನು ಎಂದು ಆರ್ಟ್ಸ್ ವಿಭಾಗದ ಗೆಳೆಯರಿಗಾಗಿ. ಪುಸ್ತಕದಲ್ಲಿ ಇದಕ್ಕೆ ಲೀಫ್ ಸ್ಪ್ರಿಂಗ್ ಎನ್ನುತ್ತಾರೆ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಸೆಂಟರ್ ಬೋಲ್ಟ್ ಹಾಕಿ, ಯು ಬೋಲ್ಟಿನಿಂದ ಆಕ್ಸಲಿಗೆ ಬಿಗಿದಿರುತ್ತಾರೆ. ಎಲ್ಲಕ್ಕಿಂತ ಉದ್ದನೆಯದು ಮೇನ್ ಪಾಟಾ, ಅದರ ಎರಡು ತುದಿ ಸುರುಳಿಯಾಗಿ ಚಾಸಿಗೆ ಸೇರಿರುತ್ತವೆ. ಹಿಂದಿನ ತುದಿಯಲ್ಲಿ ಶ್ಯಾಕಲ್ ಎಂಬ ತೂಗುಕೊಂಡಿ ಇರುತ್ತದೆ, ಏಕೆಂದರೆ ಪಾಟಾ ಚಪ್ಪಟೆಯಾದಂತೆ ಅದರ ಉದ್ದ ಸ್ವಲ್ಪ ಹೆಚ್ಚುತ್ತದೆ, ಆ ಉದ್ದಕ್ಕೆ ಓಡಾಡಲು ಜಾಗ ಬೇಕು. ಭಾರ ಹೊರುವುದು ಪಾಟಾ ಮಾತ್ರ. ಶಾಕಪ್ ಭಾರ ಹೊರುವುದಿಲ್ಲ, ಪಾಟಾದ ಕುಣಿತವನ್ನು ನಿಲ್ಲಿಸುತ್ತದೆ ಅಷ್ಟೇ. "ಹೊಸ ಶಾಕಪ್ ಹಾಕ್ಸಿದ್ರ ಗಾಡಿ ಏಳ್ತೈತಿ" ಎಂದು ಬಹಳ ಜನ ನಂಬಿದ್ದಾರೆ. ಸಾದಾ ಶಾಕಪ್ಪಿನಿಂದ ಏಳುವುದಿಲ್ಲ.

ಪಾಟಾದ ಗಟ್ಟಿತನದ ಬಗ್ಗೆ ಒಂದು ಲೆಕ್ಕ ನನಗೆ ಬಹಳ ಹಿಡಿಸಿತು. ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. 8 ಮಿ.ಮೀ. ಬದಲು 10 ಮಿ.ಮೀ. ಪಟ್ಟಿ ಹಾಕಿದರೆ ದಪ್ಪ ಹೆಚ್ಚಾಗುವುದು ಕಾಲು ಭಾಗ, ಬಿಗಿ ಹೆಚ್ಚಾಗುವುದು 1.25 × 1.25 × 1.25, ಅಂದರೆ ಸುಮಾರು 1.95 ಪಟ್ಟು. ಎರಡು ಮಿಲಿಮೀಟರಿಗೆ ಹತ್ತಿರ ಹತ್ತಿರ ಎರಡರಷ್ಟು! ಆದ್ದರಿಂದ "ಒಂದು ದಪ್ಪ ಪಾಟಾ ಹೆಚ್ಚಿಗೆ ಹಾಕ್ರಿ" ಎನ್ನುವುದು ಸಣ್ಣ ಮಾತಲ್ಲ. ಗಾಡಿ ಎತ್ತರವಾಗುತ್ತದೆ ನಿಜ, ಆದರೆ ಖಾಲಿ ಬರುವಾಗ ಹಿಂಬದಿ ಕುಪ್ಪಳಿಸುತ್ತದೆ. ಕುಪ್ಪಳಿಸುವ ಟೈರು ನೆಲ ಬಿಟ್ಟಿರುತ್ತದೆ, ನೆಲ ಬಿಟ್ಟ ಟೈರಿಗೆ ಬ್ರೇಕ್ ಹತ್ತುವುದಿಲ್ಲ. ನಮ್ಮ ಗಾಡಿ ಬೆಳಗಾವಿಗೆ ತುಂಬಿ ಹೋಗುತ್ತದೆ, ಅರ್ಧ ದಿನ ಖಾಲಿಯೇ ಬರುತ್ತದೆ.

ಈಗ ಬ್ಲಾಕಿನ ವಿಷಯ. ಭಾಯಿಜಾನ್ ತಲೆ ತುಂಬ ಇದ್ದದ್ದು ಅದೇ. ನಾನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತೋರಿಸಿದೆ. ಗಾಲಿ ನೆಲದ ಮೇಲಿದೆ. ಆಕ್ಸಲ್ ಗಾಲಿಯ ನಡುವೆ ಇದೆ. ಹೌಸಿಂಗ್ ಆಕ್ಸಲಿನಲ್ಲಿದೆ. ಬ್ಲಾಕ್ ಬರುವುದು ಆಕ್ಸಲಿನ ಮೇಲೆ, ಅದರ ಮೇಲೆ ಪಾಟಾ, ಅದರ ಮೇಲೆ ಚಾಸಿ ಮತ್ತು ಬಾಡಿ. ಮೂರಲ್ಲ, ಆರು ಇಂಚು ಬ್ಲಾಕ್ ಹಾಕಿದರೂ ಮೇಲೇಳುವುದು ಬಾಡಿ. ದಿಬ್ಬಕ್ಕೆ ಉಜ್ಜುವ ಹೌಸಿಂಗ್ ಇದ್ದಲ್ಲೇ ಇರುತ್ತದೆ! ಬ್ಲಾಕ್ ಹಾಕಿದರೂ, ಪಾಟಾ ಹೆಚ್ಚಿಸಿದರೂ, ಉದ್ದನೆಯ ಶ್ಯಾಕಲ್ ಹಾಕಿದರೂ ಇದೇ ಕಥೆ. ಹೌಸಿಂಗ್ ಮೇಲೇಳಬೇಕಾದರೆ ಟೈರೇ ದೊಡ್ಡದಾಗಬೇಕು. ಟೈರಿನ ಎತ್ತರ 4 ಸೆಂ.ಮೀ. ಹೆಚ್ಚಾದರೆ ಆಕ್ಸಲ್ ಏಳುವುದು ಅದರ ಅರ್ಧ, 2 ಸೆಂ.ಮೀ. ಮಾತ್ರ. ನಾಲ್ಕು ಟೈರಿಗೆ ನಮಗೆ ಹೇಳಿದ ದರ 30,000 ರೂಪಾಯಿ. ಎರಡು ಸೆಂಟಿಮೀಟರಿಗೆ ಮೂವತ್ತು ಸಾವಿರ. ಭಾಯಿಜಾನ್ ಚಿತ್ರವನ್ನು ಎರಡು ಸಲ ನೋಡಿದರು, ಏನೂ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಒಪ್ಪಿದ್ದಾರೆ ಎಂದರ್ಥ.

ದೊಡ್ಡ ಟೈರಿನಿಂದ ಬೇರೆ ತೊಂದರೆಗಳೂ ಇವೆ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಏರಿನಲ್ಲಿ ಎಂಜಿನ್ ದಣಿಯುತ್ತದೆ.

ಬ್ಲಾಕಿಗೆ ಮರಳಿ ಬರುತ್ತೇನೆ, ಏಕೆಂದರೆ ಅದರ ನಿಜವಾದ ಅಪಾಯ ಬ್ರೇಕಿನಲ್ಲಿದೆ. ಬೆಳಗಾವಿಗೆ ಹೋಗುವವರಿಗೆ ವಂಟಮುರಿ ಘಾಟ್ ಗೊತ್ತು. ತುಂಬಿದ ಗಾಡಿಯಲ್ಲಿ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತುವುದನ್ನು ನೆನಪಿಸಿಕೊಳ್ಳಿ. ಬಾಡಿ ಮೂರು ಇಂಚು ಮೇಲಿದ್ದರೆ ಲೋಡಿನ ಭಾರವೂ ಮೂರು ಇಂಚು ಮೇಲಿರುತ್ತದೆ, ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ. ಬ್ರೇಕ್ ಹಿಡಿದಾಗ ಆಕ್ಸಲ್ ಸುತ್ತಲು ನೋಡುತ್ತದೆ, ಬ್ಲಾಕ್ ಅದಕ್ಕೆ ಸನಿಕೆಯ ಹಾಗೆ ಕೆಲಸ ಮಾಡಿ ಪಾಟಾವನ್ನು ತಿರುಚುತ್ತದೆ. ಇನ್ನೂ ಒಂದಿದೆ. ಕೆಲವು ಪಿಕಪ್‌ಗಳಲ್ಲಿ ಚಾಸಿ ಮತ್ತು ಹಿಂದಿನ ಆಕ್ಸಲ್ ನಡುವೆ ಒಂದು ಸಣ್ಣ ಸಲಾಕೆಯ ಜೊತೆ ಬ್ರೇಕ್ ವಾಲ್ವ್ ಇರುತ್ತದೆ. ಬಾಡಿ ಕೆಳಗೆ ಬಂದರೆ "ಲೋಡ್ ಇದೆ" ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಬಾಡಿಯನ್ನು ಎತ್ತಿಸಿ ಈ ಸಲಾಕೆಯನ್ನು ಸರಿಹೊಂದಿಸದಿದ್ದರೆ, ತುಂಬಿದ ಗಾಡಿಯನ್ನೂ ಅದು ಖಾಲಿ ಎಂದು ತಿಳಿದುಕೊಳ್ಳುತ್ತದೆ. ಅಗ್ಗದ ಕೆಲಸದಲ್ಲಿ ಇದನ್ನು ಯಾರು ನೋಡುತ್ತಾರೆ? ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಜಾಯಿಂಟ್ ಕ್ರಾಸ್ ಬೇಗ ಸವೆಯುವುದು, ಬ್ರೇಕ್ ಪೈಪು ಜಗ್ಗುವುದು, ಇವೆಲ್ಲ ಆಮೇಲೆ ಬರುವ ಬಿಲ್ಲುಗಳು.

ಕಾನೂನನ್ನೂ ಓದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೊದಲು ಕೊಟ್ಟ ವಿವರಕ್ಕೂ ಆರ್‌ಸಿ ವಿವರಕ್ಕೂ ತಾಳೆಯಾಗದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಲ್ಲಿ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇವೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ಅಂದರೆ ಪ್ರತಿ ವರ್ಷ ಯಾರೋ ಒಬ್ಬರು ಆ ಬ್ಲಾಕನ್ನು ನೋಡುತ್ತಾರೆ.

ಎತ್ತಿಸಿದರೆ ಹೆಚ್ಚು ಹೇರಬಹುದು ಎಂಬ ಆಸೆಯೂ ಇರುತ್ತದೆ, ಸುಳ್ಳೇಕೆ ಹೇಳಲಿ, ನಮ್ಮ ಮನೆಯಲ್ಲೂ ಇತ್ತು. ಆರ್‌ಸಿಯಲ್ಲಿ ಒಟ್ಟು ತೂಕ ಮತ್ತು ಖಾಲಿ ತೂಕ ಎರಡೂ ಬರೆದಿರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಬರುವುದೇ ಹೇರಬಹುದಾದದ್ದು, ಅದರಲ್ಲಿ ಡ್ರೈವರ್ ಮತ್ತು ಹಮಾಲರ ತೂಕವೂ ಸೇರಿದೆ. ಪಾಟಾ ಬದಲಾದರೂ ಆಕ್ಸಲ್, ಬೇರಿಂಗ್, ಬ್ರೇಕ್, ಚಾಸಿ ಹಳೆಯವೇ. ಓವರ್‌ಲೋಡಿಗೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಒಮ್ಮೆ ಕಾಟಾ ಮಾಡಿಸಿ ನೋಡಿದರೆ ನಾವು ಎಷ್ಟು ಹೇರುತ್ತೇವೆ ಎಂಬುದು ನಮಗೇ ಆಶ್ಚರ್ಯ ತರುತ್ತದೆ. ನಮಗೆ ತಂದಿತು.

ಇಷ್ಟೆಲ್ಲ ಆದ ಮೇಲೆ ನಾವು ಗಾಡಿಯನ್ನು ಪಾಟಾ ಕೆಲಸ ಮಾಡುವ ಒಬ್ಬ ಹಳೆಯ ಉಸ್ತಾದರ ಬಳಿಗೆ ಒಯ್ದೆವು. ಅವರು ಅಳತೆ ಕೇಳಿದ ಕೂಡಲೇ ಎಡಗಡೆಯ ಪಾಟಾವನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ಡೀಸೆಲ್‌ನಿಂದ ಒರೆಸಿದರು. ಮೇನ್ ಪಾಟಾದಲ್ಲಿ, ಯು ಬೋಲ್ಟಿನ ಪಕ್ಕಕ್ಕೇ, ಕೂದಲಿನಷ್ಟು ತೆಳ್ಳಗಿನ ಒಂದು ಗೆರೆ. ಗೆರೆಯ ತುಂಬ ಕೆಂಪು ತುಕ್ಕು. ತುಕ್ಕು ಒಳಗೆ ಹೋಗಿದೆ ಎಂದರೆ ಅದು ಇಂದು ನಿನ್ನೆಯ ಬಿರುಕಲ್ಲ. "ಇದರ ಕೆಳಗ ಬ್ಲಾಕ್ ಹಾಕಿದ್ರ ಗಾಡಿ ಚಂದ ನಿಂತಿರ್ತಿತ್ತು, ಎಂದ ಮುರೀತಿತ್ತೋ ಅಲ್ಲಾಗ ಗೊತ್ತು" ಎಂದರು. ಅಬ್ಬಾ ಸ್ವಲ್ಪ ಹೊತ್ತು ಅಲ್ಲೇ ಕಟ್ಟೆಯ ಮೇಲೆ ಕುಳಿತರು. ವಾರಕ್ಕೆ ಮೂರು ಸಲ ಘಾಟ್ ಇಳಿಯುವವರು ಅವರೇ.

ಉಸ್ತಾದರು ಮೂರು ದಾರಿ ಹೇಳಿದರು. ಎರಡೂ ಬದಿ ಪೂರ್ತಿ ಹೊಸ ಸೆಟ್ ಹಾಕಿದರೆ 18,000 ರೂಪಾಯಿ. ಎರಡೂ ಬದಿ ಮೇನ್ ಪಾಟಾ ಹೊಸದು ಹಾಕಿ, ಉಳಿದವಕ್ಕೆ ಮೊದಲಿನ ಬಾಗು ಕೊಡಿಸುವುದು ಎರಡನೆಯದು. ಬಿರುಕಿಗೆ ವೆಲ್ಡಿಂಗ್ ಮಾಡಿಸುವುದು ಮೂರನೆಯದು, ಅದನ್ನು ಹೇಳಿ ತಾವೇ ನಕ್ಕರು. ಹದ ಮಾಡಿದ ಉಕ್ಕಿಗೆ ವೆಲ್ಡಿಂಗ್ ಬೆಂಕಿ ತಾಗಿದರೆ ಆ ಜಾಗದಲ್ಲಿ ಹದ ಕೆಡುತ್ತದೆ, ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಬಾಗು ಕೊಡುವುದರಲ್ಲೂ ಎರಡು ಬಗೆ. ತಣ್ಣಗಿನ ಪಾಟಾವನ್ನು ಸುತ್ತಿಗೆಯಿಂದ ಬಡಿದು ಬಾಗಿಸಿದರೆ ಅಗ್ಗ, ಆದರೆ ಬೇಗ ಮತ್ತೆ ಕೂರುತ್ತದೆ. ಭಟ್ಟಿಯಲ್ಲಿ ಕೆಂಪಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹಗುರವಾಗಿ ಕಾಯಿಸಿದರೆ ಹದ ಉಳಿಯುತ್ತದೆ. ಯಾವುದು ಮಾಡುತ್ತೀರಿ ಎಂದು ಮೊದಲೇ ಕೇಳಿ. ಕೇಳಿದರೆ ಯಾರೂ ಬೇಜಾರಾಗುವುದಿಲ್ಲ.

ಎರಡನೆಯದನ್ನೇ ಆರಿಸಿದೆವು. ಗಾಡಿ ಇನ್ನು ಹೆಚ್ಚೆಂದರೆ ನಾಲ್ಕು ವರ್ಷ ನಮ್ಮಲ್ಲಿರುತ್ತದೆ, ಹೊಸ ಸೆಟ್ಟಿನ ಹೆಚ್ಚಿನ ಹತ್ತು ಸಾವಿರ ಮಾರುವಾಗ ಮರಳಿ ಬರುವುದಿಲ್ಲ ಎಂಬುದು ಅಬ್ಬಾನ ಲೆಕ್ಕ. ಬಿಲ್ಲು ಹೀಗಿತ್ತು: ಎರಡು ಮೇನ್ ಪಾಟಾ 3,200, ಬಾಗು ಕೊಡಿಸಿದ್ದು 2,000, ನಾಲ್ಕು ಹೊಸ ಯು ಬೋಲ್ಟ್ 800, ಬುಷ್ ಮತ್ತು ಸೆಂಟರ್ ಬೋಲ್ಟ್ 650, ಮಜೂರಿ 1,500. ಒಟ್ಟು 8,150 ರೂಪಾಯಿ. ಹಳೆಯ ಯು ಬೋಲ್ಟನ್ನೇ ಹಾಕಿದರೆ 800 ಉಳಿಯುತ್ತಿತ್ತು, ಆದರೆ ಒಮ್ಮೆ ಬಿಗಿದು ಜಗ್ಗಿದ ಬೋಲ್ಟು ಎರಡನೇ ಸಲ ಅದೇ ಬಿಗಿ ಹಿಡಿಯುವುದಿಲ್ಲವಂತೆ.

ಕಾಮರ್ಸ್ ಗೆಳೆಯರಿಗೆ ಇಲ್ಲೊಂದು ಪ್ರಶ್ನೆ. ಈ 8,150 ಬಂಡವಾಳ ವೆಚ್ಚವೋ, ರಾಜಸ್ವ ವೆಚ್ಚವೋ? ಗಾಡಿಯ ಗಳಿಸುವ ಶಕ್ತಿ ಹೆಚ್ಚಲಿಲ್ಲ, ಮೊದಲಿನ ಸ್ಥಿತಿಗೆ ಬಂತು ಅಷ್ಟೇ. ಆದ್ದರಿಂದ ರಾಜಸ್ವ ವೆಚ್ಚ, ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಆದರೆ ಅಬ್ಬಾ ಈ ಗಾಡಿ ಕೊಂಡ ವಾರದಲ್ಲೇ, ಬಾಡಿಗೆಗೆ ಬಿಡುವ ಮುಂಚೆ ಇದೇ ಕೆಲಸ ಮಾಡಿಸಿದ್ದರೆ? ಹಳೆಯ ಆಸ್ತಿಯನ್ನು ಕೊಂಡು ಬಳಕೆಗೆ ತರುವ ಮೊದಲಿನ ರಿಪೇರಿ ಅದರ ಬೆಲೆಗೆ ಸೇರುತ್ತದೆ, ಬಂಡವಾಳ ವೆಚ್ಚವಾಗುತ್ತದೆ, ಸವಕಳಿಯೂ ಅದರ ಮೇಲೆ ಬೀಳುತ್ತದೆ. ಒಂದೇ ಕೆಲಸ, ಒಂದೇ ಬಿಲ್ಲು, ದಿನಾಂಕದಿಂದ ಖಾತೆ ಬದಲಾಗುತ್ತದೆ. ಬ್ಲಾಕ್ ಹಾಕಿಸಿದ್ದರೆ ಅದನ್ನು ಯಾವ ಖಾತೆಗೆ ಹಾಕುತ್ತಿದ್ದೆನೋ ನನಗೆ ತಿಳಿಯದು. ಆರ್‌ಸಿ ಪ್ರಕಾರ ಒಂದು ಕಿಲೋ ಕೂಡ ಹೆಚ್ಚು ಹೇರುವಂತಿರಲಿಲ್ಲ.

500 ಕಿ.ಮೀ. ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿಕೊಂಡು ಹೋಗಲು ಉಸ್ತಾದರು ಹೇಳಿದ್ದರು. ಆವತ್ತು ನಾನೂ ಟೇಪು ಹಿಡಿದು ಹೋಗಿದ್ದೆ. ಎಡಕ್ಕೆ 43, ಬಲಕ್ಕೆ 43.5. ದಡ್ ದಡ್ ಸದ್ದು ನಿಂತಿದೆ. ರಾತ್ರಿ ಎದುರಿನವರು ಲೈಟ್ ಡಿಪ್ ಮಾಡಲು ಹೇಳುವುದೂ ನಿಂತಿದೆ ಎಂದು ಅಬ್ಬಾ ಹೇಳಿದರು, ಹಿಂಬದಿ ಕುಂತಿದ್ದರಿಂದ ಹೆಡ್‌ಲೈಟು ಆಕಾಶ ನೋಡುತ್ತಿತ್ತು. ಹೊಲದ ದಾರಿಯ ದಿಬ್ಬ ಮಾತ್ರ ಹಾಗೇ ಇದೆ. ಭಾಯಿಜಾನ್ ಈಗ ಗಾಲಿದಾರಿಯಲ್ಲಿ ಇಳಿಯದೆ, ಒಂದು ಬದಿಯ ಗಾಲಿಯನ್ನು ದಿಬ್ಬದ ಮೇಲೆಯೇ ಹತ್ತಿಸಿ ನಿಧಾನಕ್ಕೆ ದಾಟಿಸುತ್ತಾರೆ. ಸೀಟಿನ ಹಿಂದೆ ಒಂದು ಸನಿಕೆಯೂ ಇದೆ.