ಪುಣ್ಯದ ಅಂಗಡಿಯಲ್ಲಿ ಹಳೇ ನಾಣ್ಯ: ಕೊಳ್ಳುವವರ ಹಕ್ಕು, ಹೊಣೆ

‘ನೀವು ಕೊಡುವ ಹಣ ಬಡಮಕ್ಕಳ ಓದಿಗೆ’ ಎಂದು ಬರೆದ ಬೋರ್ಡಿನ ಕೆಳಗೆ ಚೌಕಾಸಿ ಮಾಡಲು ಯಾರಿಗೂ ಬಾಯಿ ಬರುವುದಿಲ್ಲ. ಬಿಲ್ ಕೇಳುವುದಂತೂ ಇನ್ನೂ ಮುಜುಗರ. ತಟ್ಟೆಯಲ್ಲಿ ರಾಶಿ ಹಾಕಿದ ಹಳೇ ನಾಣ್ಯಗಳಲ್ಲಿ ಎರಡನ್ನು ಆರಿಸಿ, ಹೇಳಿದಷ್ಟು ಕೊಟ್ಟು, ಪುಣ್ಯದ ಕೆಲಸಕ್ಕೆ ಆಯಿತೆಂದು ಜನ ಹೊರಟುಬಿಡುತ್ತಾರೆ. ಕೈಲಾಂಚದಿಂದ ರಾಮನಗರಕ್ಕೆ ರೇಷ್ಮೆಗೂಡು ಮಾರಲು ಬಂದವರಾಗಲಿ, ಭಾನುವಾರ ಬೆಂಗಳೂರಿನ ಬೀದಿ ಸುತ್ತುವ ಸಂಗ್ರಾಹಕರಾಗಲಿ, ಇಲ್ಲಿ ಮರೆಯುವುದು ಒಂದೇ ಸಂಗತಿ: ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಬೆಲೆ ಹೇಳಿ ಮಾರಿದ ಮೇಲೆ ಅದು ವ್ಯಾಪಾರ, ದುಡ್ಡು ಕೊಟ್ಟವರು ಗ್ರಾಹಕರು.

ದಾನವಾಗಿ ಬಂದ ಬಳಸಿದ ವಸ್ತುಗಳನ್ನು ಮಾರಿ ಸೇವಾ ಕಾರ್ಯಕ್ಕೆ ಹಣ ಕೂಡಿಸುವ ಅಂಗಡಿಗಳು ಬ್ರಿಟನ್ನಿನಲ್ಲಿ ಊರೂರಿಗೂ ಇವೆ. ಆಕ್ಸ್‌ಫ್ಯಾಮ್ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿ ತೆರೆದ ಅಂಗಡಿ ಈ ಪದ್ಧತಿಗೆ ದೊಡ್ಡ ದಾರಿ ಮಾಡಿಕೊಟ್ಟಿತು. ಸಾಮಾನು ಪುಕ್ಕಟೆ ಬರುತ್ತದೆ, ಕೌಂಟರಿನಲ್ಲಿ ಬಹುಪಾಲು ಸ್ವಯಂಸೇವಕರೇ ಇರುತ್ತಾರೆ, ಲಾಭ ಸಂಸ್ಥೆಯ ಸೇವೆಗೆ ಹೋಗುತ್ತದೆ. ದೊಡ್ಡ ಸಂಸ್ಥೆಗಳು ನಾಣ್ಯ, ಒಡವೆ, ಹಳೇ ಪುಸ್ತಕಗಳನ್ನು ಬೇರ್ಪಡಿಸಿ, ತಿಳಿದವರಿಂದ ಬೆಲೆ ಕಟ್ಟಿಸಿ, ಆಮೇಲೆ ಮಾರುತ್ತವೆ. ಹಾಗಾಗಿ ಮೂರು ಕಾಸಿಗೆ ಮುತ್ತು ಸಿಕ್ಕೀತೆಂದು ಹೋದವರಿಗೆ ಅಲ್ಲಿ ನಿರಾಸೆಯೇ ಹೆಚ್ಚು. ನಮ್ಮಲ್ಲಿ ಇಂಥ ಅಂಗಡಿಗಳು ಕಡಿಮೆ. ಟ್ರಸ್ಟ್‌ಗಳು ನಡೆಸುವ ಹಳೇ ಸಾಮಾನಿನ ಮಾರಾಟ, ಸೇವಾ ಸಂಘಗಳ ಮೇಳ, ದೇವಸ್ಥಾನದ ಹರಾಜು, ಇವೆಲ್ಲ ಅದರ ಹತ್ತಿರದ ರೂಪಗಳು.

ಕೊಂಡದ್ದು ದಾನವಲ್ಲ

ಟ್ರಸ್ಟಿನಿಂದ 2,000 ರೂಪಾಯಿಗೆ ನಾಣ್ಯ ಕೊಂಡವರು ಆ ಮೊತ್ತವನ್ನು ದೇಣಿಗೆ ಎಂದು ತೋರಿಸಿ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೇಳುವಂತಿಲ್ಲ. 80ಜಿ ಎಂದೇ ಹೆಸರಾದ ಆ ರಿಯಾಯಿತಿ, ಬದಲಿಗೆ ಏನನ್ನೂ ಪಡೆಯದೆ ಕೊಟ್ಟ ಹಣಕ್ಕೆ ಮಾತ್ರ. ಅಜ್ಜನ ಕಾಲದ ನಾಣ್ಯದ ಗಂಟನ್ನೇ ಟ್ರಸ್ಟಿಗೆ ಕೊಟ್ಟರೂ ರಿಯಾಯಿತಿ ಸಿಗದು, ಏಕೆಂದರೆ ವಸ್ತುರೂಪದ ದಾನಕ್ಕೆ ಅದು ಅನ್ವಯಿಸುವುದಿಲ್ಲ. ನಗದು ದೇಣಿಗೆಗೂ 2,000 ರೂಪಾಯಿಯ ಮಿತಿಯಿದೆ. ಮಾರಾಟಕ್ಕೆ ದೇಣಿಗೆ ರಸೀದಿ ಬರೆದುಕೊಟ್ಟರೆ ಕೊಂಡವರಿಗೆ ಎರಡು ಕಡೆ ನಷ್ಟ: ರಿಯಾಯಿತಿ ದಕ್ಕುವುದಿಲ್ಲ, ಖರೀದಿಗೆ ಪುರಾವೆಯೂ ಉಳಿಯುವುದಿಲ್ಲ.

ಬಿಲ್ ಕೇಳುವುದು ಅನುಮಾನವಲ್ಲ

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದೂ ಅಷ್ಟೇ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಫಲಕ ಈ ಹಕ್ಕನ್ನು ಅಳಿಸಲಾರದು. ಬಿಲ್ಲಿನಲ್ಲಿ ‘ಹಳೇ ನಾಣ್ಯ 1’ ಎಂದಿದ್ದರೆ ಸಾಲದು. ಯಾರ ಕಾಲದ್ದು, ಯಾವ ಇಸವಿ, ಯಾವ ಲೋಹ, ತೂಕ ಎಷ್ಟು, ಅಸಲಿಯೋ ನಕಲು ಪ್ರತಿಯೋ, ಇಷ್ಟನ್ನೂ ಬರೆಸಬೇಕು. ವಿವರ ಹೇಳಿ ಮಾರಿದ ವಸ್ತು ಆ ವಿವರಕ್ಕೆ ತಕ್ಕಂತೆ ಇರಲೇಬೇಕೆಂಬುದು 1930ರ ಸರಕು ಮಾರಾಟ ಕಾಯ್ದೆಯ ನಿಯಮ. ಬಾಯಿಮಾತಿನ ವಿವರವನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯನ್ನೇ ತೆಗೆದುಕೊಳ್ಳಿ. ಐದನೇ ಜಾರ್ಜ್ ದೊರೆಯ 1918ರ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗಬೇಕು. ಅದರಲ್ಲಿ ಬೆಳ್ಳಿ ಶೇ 91.7ರಷ್ಟು. ಸವೆದಿದ್ದರೆ ತೂಕ ತುಸು ಇಳಿದೀತು, ಆದರೆ ಹೊಸದರಂತೆ ಹೊಳೆಯುತ್ತ ಒಂಬತ್ತೇ ಗ್ರಾಂ ತೂಗಿದರೆ, ಇಲ್ಲವೇ ಆಯಸ್ಕಾಂತಕ್ಕೆ ಅಂಟಿದರೆ, ಅದನ್ನು ಕೆಳಗಿಡುವುದೇ ವಾಸಿ. ಒಡವೆ ಅಂಗಡಿಯ ತಕ್ಕಡಿಯಲ್ಲಿ ಎರಡು ನಿಮಿಷದ ಕೆಲಸ ಇದು.

“ಅಣ್ಣಾ, ಇದು ಕಂಪನಿ ಸರ್ಕಾರದ್ದು, ಇನ್ನೂರು ವರ್ಷ ಹಳೇದು” ಎಂದು ಕೈಗಿಡುವ ತಾಮ್ರದ ಬಿಲ್ಲೆ ಇನ್ನೊಂದು ಬಗೆ. ಒಂದು ಕಡೆ ರಾಮ ಪಟ್ಟಾಭಿಷೇಕ ಅಥವಾ ಹನುಮಂತ, ಮತ್ತೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818ರ ಇಸವಿ. ಇವು ಕಂಪನಿಯ ನಾಣ್ಯಗಳಲ್ಲ. ಎಷ್ಟೋ ಕಾಲದ ಮೇಲೆ ಮಾಡಿದ ಪೂಜೆಯ ಬಿಲ್ಲೆಗಳು. ದೇವರ ಮನೆಯಲ್ಲಿಡಲು ಕೊಂಡರೆ ತಪ್ಪಿಲ್ಲ. ಪ್ರಾಚೀನ ನಾಣ್ಯವೆಂದು ಸುಳ್ಳು ಹೇಳಿ ಸಾವಿರಾರು ರೂಪಾಯಿಗೆ ಮಾರಿದರೆ ಅದು ವಂಚನೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ನಿನಡಿ ಇಂಥದ್ದಕ್ಕೆ 7 ವರ್ಷದವರೆಗೆ ಶಿಕ್ಷೆಯಾಗಬಹುದು.

ಕದ್ದ ಮಾಲು ಕೈಗೆ ಬಂದರೆ

ದಾನ ಕೊಟ್ಟವರು ಯಾರು, ಅವರಿಗೆ ಆ ನಾಣ್ಯ ಎಲ್ಲಿಂದ ಬಂತು ಎಂಬುದು ಇಂಥ ಅಂಗಡಿಗಳ ದುರ್ಬಲ ಜಾಗ. ಚಲಾವಣೆಯ ದುಡ್ಡನ್ನು ನಂಬಿಕೆಯಿಂದ ಪಡೆದವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಸಂಗ್ರಹದ ವಸ್ತುವೆಂದು ಕೊಂಡ ನಾಣ್ಯಕ್ಕೆ ಆ ರಕ್ಷಣೆ ಇಲ್ಲ. 1899ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಮಾಸ್ ವಿರುದ್ಧ ಹ್ಯಾನ್‌ಕಾಕ್ ಪ್ರಕರಣದಲ್ಲಿ ಇದನ್ನೇ ತೀರ್ಮಾನಿಸಿತು. ಅಲಂಕಾರಕ್ಕೆಂದು ಇಟ್ಟುಕೊಂಡಿದ್ದ ಐದು ಪೌಂಡಿನ ಚಿನ್ನದ ನಾಣ್ಯ ಕಳುವಾಗಿತ್ತು. ಅಪರೂಪದ ವಸ್ತುಗಳ ವ್ಯಾಪಾರಿಯೊಬ್ಬ ಅದಕ್ಕೆ ಐದು ಸಾವರಿನ್ ಕೊಟ್ಟಿದ್ದ. ಅದು ಹಣವಾಗಿ ಕೈ ಬದಲಾಯಿಸಿದ್ದಲ್ಲ, ವಸ್ತುವಾಗಿ ಮಾರಾಟವಾದದ್ದು, ಆದ್ದರಿಂದ ಮೂಲ ಒಡೆಯನಿಗೆ ಮರಳಿಸಬಹುದು ಎಂದಿತು ನ್ಯಾಯಾಲಯ.

ನಮ್ಮ ಸರಕು ಮಾರಾಟ ಕಾಯ್ದೆಯ 27ನೇ ಸೆಕ್ಷನ್ ಹೇಳುವುದೂ ಸಾಮಾನ್ಯವಾಗಿ ಇದನ್ನೇ: ತನಗಿಲ್ಲದ ಒಡೆತನವನ್ನು ಮಾರುವವರು ಇನ್ನೊಬ್ಬರಿಗೆ ಕೊಡಲಾರರು. ಆದರೆ ಮಾರುವ ಹಕ್ಕು ತನಗಿದೆ ಎಂಬ ಭರವಸೆ ಪ್ರತಿ ಮಾರಾಟದಲ್ಲೂ ಅಡಕವಾಗಿರುವುದರಿಂದ, ನಾಣ್ಯ ಕಳೆದುಕೊಂಡ ಗ್ರಾಹಕರು ಅಂಗಡಿಯಿಂದ ಹಣ ವಾಪಸ್ ಕೇಳಬಹುದು. ಬಿಲ್ ಇಲ್ಲದವರ ಪಾಡು ಬೇರೆ. ಕದ್ದದ್ದೆಂದು ಗೊತ್ತಿದ್ದೂ ಕೊಂಡವರು ತಾವೇ ಆರೋಪಿಗಳಾಗುತ್ತಾರೆ.

ನೂರು ವರ್ಷ ದಾಟಿದರೆ

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಕಣ್ಣಿನಲ್ಲಿ ನೂರು ವರ್ಷ ತುಂಬಿದ ನಾಣ್ಯ ಪ್ರಾಚ್ಯವಸ್ತು. ಟಿಪ್ಪುವಿನ ಆನೆ ಚಿತ್ರದ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಮಯಿಲಿ ಕಾಸು’ ಎಲ್ಲವೂ ಇದರಲ್ಲಿ ಸೇರುತ್ತವೆ. ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ. ಶಿಲ್ಪ, ಚಿತ್ರ, ಸಚಿತ್ರ ಹಸ್ತಪ್ರತಿಗಳಿಗೆ ಇರುವ ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿ ನಾಣ್ಯಗಳಿಲ್ಲ. ಆದರೆ ಪ್ರಾಚ್ಯವಸ್ತು ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಪರವಾನಗಿ ಬೇಕು. ಸೇವಾ ಸಂಸ್ಥೆ ಎಂಬ ಕಾರಣಕ್ಕೆ ಈ ನಿಯಮ ಸಡಿಲವಾಗುವುದಿಲ್ಲ. ಅಂಥ ಅಂಗಡಿಯಲ್ಲಿ ಪರವಾನಗಿ ತೋರಿಸಿ ಎಂದು ಕೇಳುವುದು ತಪ್ಪಲ್ಲ. ಇನ್ನು ವಿದೇಶದಲ್ಲಿರುವ ಮಕ್ಕಳ ಪೆಟ್ಟಿಗೆಗೆ ನೆನಪಿಗೆಂದು ಹಾಕಿ ಕಳಿಸುವುದಂತೂ ಬೇಡವೇ ಬೇಡ. ಇಂಥ ನಾಣ್ಯದ ಖಾಸಗಿ ರಫ್ತಿಗೆ ಕನಿಷ್ಠ 6 ತಿಂಗಳಿಂದ 3 ವರ್ಷದವರೆಗೆ ಜೈಲು, ಜೊತೆಗೆ ದಂಡ ಇದೆ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಸಂಸ್ಥೆಯಿಂದ, ಇದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದ ಮೇಲಷ್ಟೇ ಕಳಿಸಬೇಕು.

ನೆಲದಲ್ಲಿ ಸಿಕ್ಕದ್ದು, ಹುಂಡಿಗೆ ಬಿದ್ದದ್ದು

1891ರಲ್ಲಿ ಯಶವಂತಪುರದಲ್ಲಿ ನೆಲ ಅಗೆಯುವಾಗ ರೋಮನ್ನರ 163 ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256 ಸಿಕ್ಕವು. ಹಿಪ್ಪುನೇರಳೆ ತೋಟಕ್ಕೆ ಗುಂಡಿ ತೋಡುವಾಗಲೋ ಮನೆಯ ಪಾಯ ತೆಗೆಯುವಾಗಲೋ ಹಳೇ ನಾಣ್ಯ ಎದುರಾಗುವುದು ಈ ಸೀಮೆಯಲ್ಲಿ ನಡೆಯದ ಮಾತಲ್ಲ. ಸಿಕ್ಕರೆ ಅದು ಗುಜರಿಯವನಿಗೋ ಟ್ರಸ್ಟಿಗೋ ಹೋಗುವ ವಸ್ತುವಲ್ಲ. ನಿಧಿಗೆ ಸಂಬಂಧಿಸಿದ ಕಾನೂನಿನಂತೆ ಏನು ಸಿಕ್ಕಿತು, ಎಲ್ಲಿ, ಯಾವತ್ತು, ಅಂದಾಜು ಬೆಲೆ ಎಷ್ಟು ಎಂದು ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ನಾಡಕಚೇರಿ ಅಥವಾ ತಹಶೀಲ್ದಾರರ ಮೂಲಕವೂ ವಿಷಯ ಮುಟ್ಟಿಸಿ ಸ್ವೀಕೃತಿ ಪಡೆಯಬಹುದು. ಮುಚ್ಚಿಟ್ಟರೆ ಅಪರಾಧ. ಹೊಲ ತನ್ನದೇ ಆದರೂ ಈ ಹೊಣೆ ತಪ್ಪದು.

ಹುಂಡಿಯ ನಾಣ್ಯಗಳ ವಿಷಯವೂ ನೇರ. ಕಾಣಿಕೆಯಾಗಿ ಬಿದ್ದದ್ದು ದೇವಸ್ಥಾನದ ಆಸ್ತಿ. ಮುಜರಾಯಿ ದೇವಸ್ಥಾನಗಳಲ್ಲಿ ಎಣಿಕೆ ಅಧಿಕಾರಿಗಳ ಸಮ್ಮುಖದಲ್ಲಿ ನಡೆಯುತ್ತದೆ. ಹರಾಜಿನಲ್ಲಿ ಕೂಗಿ, ರಸೀದಿ ಪಡೆದು ಕೊಂಡರೆ ಸರಿ. “ಎಣಿಸುವಾಗ ಎತ್ತಿಟ್ಟಿದ್ದೆ” ಎಂದು ಯಾರಾದರೂ ಗುಟ್ಟಾಗಿ ಕೈಗಿಟ್ಟರೆ ಅದು ಕಳ್ಳ ಮಾಲು.

ಲಕ್ಷದ ಆಸೆ

ವೈಷ್ಣೋದೇವಿ ಚಿತ್ರದ 5 ರೂಪಾಯಿಗೆ ಲಕ್ಷ ಕೊಡುತ್ತೇವೆ ಎಂಬ ಜಾಹೀರಾತುಗಳು ಮೊಬೈಲಿನಲ್ಲಿ ಹರಿದಾಡುತ್ತಲೇ ಇವೆ. ಇಲ್ಲಿ ಮೋಸ ಹೋಗುವವರು ಕೊಳ್ಳುವವರಲ್ಲ, ಮಾರಲು ಹೋದವರು. 2021ರಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು 1947ರ ನಾಣ್ಯವೊಂದನ್ನು ಆನ್‌ಲೈನಿನಲ್ಲಿ ಮಾರಲು ಹೊರಟು, ತೆರಿಗೆ ಮತ್ತು ಶುಲ್ಕದ ಹೆಸರಿನಲ್ಲಿ ತಾವೇ 1 ಲಕ್ಷ ರೂಪಾಯಿ ಕಳೆದುಕೊಂಡರು. ಅದೇ ವರ್ಷದ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕ್ ಸ್ಪಷ್ಟನೆ ಕೊಟ್ಟಿತು: ಹಳೇ ನೋಟು, ನಾಣ್ಯಗಳ ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾರಿಂದಲೂ ಶುಲ್ಕವಾಗಲೀ ಕಮಿಷನ್ ಆಗಲೀ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ಅಕ್ಕಿಯನ್ನು ಸೆಳೆಯುತ್ತದೆಂದು ನಂಬಿಸುವ ‘ರೈಸ್ ಪುಲ್ಲಿಂಗ್’ ನಾಣ್ಯ, ಚೊಂಬುಗಳ ದಂಧೆಯೂ ಇದೇ ಜಾತಿಯದು.

ಆನ್‌ಲೈನಿನಲ್ಲಿ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಅಂಗಡಿಯ ಮೋಸವಾದರೆ ಮೊದಲು ಬಿಲ್, ಫೋಟೊ, ತೂಕದ ಚೀಟಿ ಜೋಡಿಸಿ ಸಂಸ್ಥೆಗೆ ಬರಹದಲ್ಲಿ ನೋಟಿಸ್ ಕೊಡುವುದು ಒಳ್ಳೆಯದು. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಆಮೇಲೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಅಂಗಡಿ ಬೆಂಗಳೂರಿನಲ್ಲಿದ್ದರೂ ಗ್ರಾಹಕರು ತಾವು ವಾಸವಿರುವ ಜಿಲ್ಲೆಯ ವ್ಯಾಪ್ತಿಯ ಆಯೋಗದಲ್ಲೇ ದೂರು ಕೊಡಬಹುದು. ದೂರಿನಲ್ಲಿ ಟ್ರಸ್ಟಿನ ಹೆಸರಿನ ಜೊತೆ ಟ್ರಸ್ಟಿಗಳನ್ನೂ ಸೇರಿಸುವುದು ಜಾಣತನ. ಕೊಂಡು ಮರುಮಾರಾಟ ಮಾಡುವವರು ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರಲ್ಲ, ಅವರ ದಾರಿ ಸಿವಿಲ್ ನ್ಯಾಯಾಲಯ.

ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಆಯೋಗಕ್ಕೆ ಶುಲ್ಕ ಕಟ್ಟಬೇಕಿಲ್ಲ. ದೂರು ಕೊಡಲು 2 ವರ್ಷದ ಅವಕಾಶವಿದೆ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಸಲಹೆ ಬೇಕಾದವರು ಕಾನೂನು ಸೇವೆಗಳ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.