ರಸ್ತೆಯ ದಮ್ಮಸು ಪರೀಕ್ಷೆಯಲ್ಲಿ ನೂತನ ತಂತ್ರಜ್ಞಾನ

ಹೆದ್ದಾರಿಯ ಬಾಳಿಕೆಯು ಕಣ್ಣಿಗೆ ಕಾಣುವ ಡಾಂಬರನ್ನಷ್ಟೇ ಅಲ್ಲದೆ ಅದರಡಿ ಮುಚ್ಚಿಹೋಗುವ ಮಣ್ಣಿನ ದಮ್ಮಸನ್ನೂ ಅವಲಂಬಿಸಿರುತ್ತದೆ. ಸಡಿಲವಾಗಿ ಉಳಿದ ಮಣ್ಣಿಗೆ ನೀರು ಇಳಿದರೆ, ಭಾರಿ ವಾಹನಗಳ ಒತ್ತಡಕ್ಕೆ ಅದು ಕುಸಿದು ಮೇಲ್ಪದರವು ಬಿರುಕು ಬಿಡುತ್ತದೆ. ಆದುದರಿಂದ ಸಬ್‌ಗ್ರೇಡ್ ಪದರವು ಗರಿಷ್ಠ ಒಣ ಸಾಂದ್ರತೆಯ ಕನಿಷ್ಠ ಶೇ. 97ರಷ್ಟನ್ನು ತಲುಪಿರಬೇಕೆಂದು ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಗಳು ವಿಧಿಸುತ್ತವೆ.

ರೂಢಿಯಲ್ಲಿರುವ ಮರಳು ತುಂಬುವ ಪರೀಕ್ಷೆಯು ವಿಶ್ವಾಸಾರ್ಹವಾದರೂ, ಗುಂಡಿ ತೋಡಿದ ಸ್ಥಳದ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ಈ ಕೊರತೆಯನ್ನು ಇಂಟೆಲಿಜೆಂಟ್ ರೋಲರ್ ನೀಗಿಸುತ್ತದೆ. ಅದರ ಡ್ರಮ್ಮಿಗೆ ಅಳವಡಿಸಿದ ಸಂವೇದಕವು ಕಂಪನವನ್ನು ಅಳೆದು ಮಣ್ಣಿನ ಬಿಗಿತವನ್ನು ಅಂದಾಜಿಸುತ್ತದೆ. ಉಪಗ್ರಹ ಆಧಾರಿತ ಸ್ಥಾನಸೂಚಕವು ಯಾವ ಭಾಗದಲ್ಲಿ ರೋಲರ್ ಎಷ್ಟು ಬಾರಿ ಉರುಳಿತೆಂಬುದನ್ನು ದಾಖಲಿಸುತ್ತದೆ. ಪರದೆಯ ಮೇಲಿನ ಬಣ್ಣದ ನಕ್ಷೆಯಲ್ಲಿ ದುರ್ಬಲ ಭಾಗಗಳು ಗೋಚರಿಸುವುದರಿಂದ, ಮುಂದಿನ ಪದರ ಹಾಕುವ ಮುನ್ನವೇ ಅವನ್ನು ಸರಿಪಡಿಸಬಹುದು. 63 ಕಿ.ಮೀ. ಉದ್ದದ ಲಕ್ನೋ–ಕಾನ್ಪುರ ಎಕ್ಸ್‌ಪ್ರೆಸ್‌ವೇ ಕಾಮಗಾರಿಯಲ್ಲಿ ಇಂತಹ ಯಂತ್ರಗಳು ಬಳಕೆಯಾಗಿವೆ.

ಆದರೆ ಈ ಯಂತ್ರವು ಅಳೆಯುವುದು ಬಿಗಿತವನ್ನೇ ಹೊರತು ಸಾಂದ್ರತೆಯನ್ನಲ್ಲ. ತೇವಾಂಶ ಕಡಿಮೆಯಿರುವ ಮಣ್ಣು ಸಾಕಷ್ಟು ಅಡಕವಾಗದಿದ್ದರೂ ಬಿಗಿಯಾಗಿ ತೋರಬಹುದು. ಮಳೆಯ ನಂತರ ಅದೇ ಮಣ್ಣು ಮೆತ್ತಗಾಗುತ್ತದೆ. ಆದಕಾರಣ ಮೊದಲು ಪ್ರಾಯೋಗಿಕ ಭಾಗವೊಂದರಲ್ಲಿ ಯಂತ್ರದ ಅಂಕಿಗಳನ್ನು ಮರಳು ಪರೀಕ್ಷೆ ಹಾಗೂ ತೇವಾಂಶ ಪರೀಕ್ಷೆಯೊಂದಿಗೆ ತಾಳೆ ನೋಡತಕ್ಕದ್ದು.

ಇಂತಹ ರೋಲರ್ ಲಭ್ಯವಿಲ್ಲದ ಗ್ರಾಮೀಣ ರಸ್ತೆಗಳಿಗೂ ಇದೇ ತತ್ವವು ಅನ್ವಯಿಸುತ್ತದೆ. ರೋಲರ್ ಉರುಳಿದ ಸಂಖ್ಯೆಯನ್ನು ದಾಖಲಿಸುವುದು, ಸಂಶಯವಿರುವ ಸ್ಥಳದಲ್ಲೇ ಗುಂಡಿ ತೋಡಿ ಪರೀಕ್ಷಿಸುವುದು ಹಾಗೂ ಫಲಿತಾಂಶ ಬರುವವರೆಗೆ ಮುಂದಿನ ಪದರವನ್ನು ತಡೆಹಿಡಿಯುವುದು ಅವಶ್ಯ. ಮುಚ್ಚಿದ ಬಳಿಕ ಕಂಡ ದೋಷವನ್ನು ರಸ್ತೆ ಅಗೆಯದೆ ಸರಿಪಡಿಸಲಾಗದು.